ಪೂಜೆಗಿಟ್ಟ ಪಾನಾ

ಫೋನು ಬಂದಾಗ ನೀಲಕಂಠಪ್ಪನವರು ಎರಡನೆಯ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದರು. ಶನಿವಾರ, ಸಂಜೆ ನಾಲ್ಕು ಮುಕ್ಕಾಲು. ಹೂಸ್ಟನ್ ಪಕ್ಕದ ಸ್ಟಾಫರ್ಡಿನ ತಮ್ಮ ಗ್ಯಾರೇಜಿನಿಂದ ಗಿರಾಕಿಗಳ ಕಾರುಗಳನ್ನೆಲ್ಲ ಹೊರಗೆ ನಿಲ್ಲಿಸಿ, ನೆಲ ತೊಳೆದು, ಬಾಡಿಗೆಯ ಮೇಜುಗಳನ್ನು ಸಾಲಾಗಿ ಹಾಕಿಸಿದ್ದರು. ಗೋಡೆಯ ಪಕ್ಕದ ಉದ್ದನೆಯ ಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಅಂಗಡಿಯ ಸಮಸ್ತ ಸಾಮಾನನ್ನೂ ಪೂಜೆಗೆ ಇಟ್ಟಿದ್ದರು. ಪಾನಾ, ಜಾಕು, ಸುತ್ತಿಗೆ, ಇಕ್ಕಳ, ಗಾಳಿ ಅಳೆಯುವ ಗೇಜು. ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು.

ಫೋನು ಮಾಡಿದವನು ಪ್ರಹ್ಲಾದ್. ಆಸ್ಟಿನ್ನಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಶನಿವಾರ ಬಂತೆಂದರೆ ನೀಲಕಂಠಪ್ಪನವರ ತಮ್ಮ ಶ್ರೀಶೈಲನ ರೇಸ್ ಕಾರಿಗೆ ಟಯರು ಎತ್ತಿಕೊಡಲು ಓಡಿಬರುವವನು.

"ಅಂಕಲ್, ಎಲ್ಲಿದ್ದೀರಾ?"

"ಎಲ್ಲಿರ್ತೇನಪಾ, ಪೂಜಾ ನಡದೈತಿ. ನಮ್ಮಾಂವ ಎಷ್ಟನೇ ನಂಬರ್ ಬಂದ, ಅದನ್ನ ಹೇಳು."

ಆಚೆ ಕಡೆ ಯಾರೋ ಇಂಗ್ಲಿಷಿನಲ್ಲಿ, ಎಲ್ಲರೂ ಹಿಂದೆ ಸರಿಯಿರಿ ಎಂದು ಕೂಗುವುದು ಕೇಳಿಸಿತು.

"ಅಂಕಲ್, ಸ್ವಲ್ಪ ಕೂತ್ಕೊಳ್ಳಿ. ಆಂಟಿ ಪಕ್ಕದಲ್ಲಿದಾರಾ?"

ನೀಲಕಂಠಪ್ಪನವರು ಕೂರಲಿಲ್ಲ. ಹೋಳಿಗೆಯ ತಟ್ಟೆ ಎಡಗೈಯಲ್ಲಿ ಹಾಗೇ ಇತ್ತು.

"ಬಲಗಡೆ ಮುಂದಿನ ವೀಲ್ ಬಿಚ್ಕೊಂಡು ಹೋಯ್ತು ಅಂಕಲ್. ಮೂರನೇ ತಿರುವಲ್ಲಿ. ಕಾರು ತಿರುಗಲೇ ಇಲ್ಲ, ನೇರವಾಗಿ ಗೋಡೆಗೆ ಹೋಯ್ತು. ಆಂಬುಲೆನ್ಸ್ ಇಲ್ಲೇ ಇತ್ತು. ಅವರೆಲ್ಲ ತುಂಬಾ ಪ್ರಯತ್ನ ಮಾಡಿದ್ರು."

ಮಾಡಿದ್ರು ಎಂಬಲ್ಲಿಗೆ ಮಾತು ನಿಂತಿತು. ನೀಲಕಂಠಪ್ಪನವರಿಗೆ ಅಷ್ಟು ಸಾಕಾಯಿತು. ಅವರ ಕಣ್ಣು ಪೂಜೆಯ ಹಲಗೆಯ ಕಡೆ ಹೋಯಿತು. ನಟ್ಟ ನಡುವೆ, ಎಲ್ಲಕ್ಕಿಂತ ಉದ್ದನೆಯದು, ಟಾರ್ಕ್ ಪಾನಾ. ನಟ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಟಕ್ಕೆಂದು ಸದ್ದು ಮಾಡಿ, ಸಾಕು ಎಂದು ಹೇಳುವ ಪಾನಾ. ಅದರ ಹಿಡಿಕೆಯ ಮೇಲೆ ಬೆಳಿಗ್ಗೆ ಅವರೇ ಎಳೆದ ಮೂರು ಬೆರಳಿನ ವಿಭೂತಿ ಒಣಗಿ ಬೆಳ್ಳಗಾಗಿತ್ತು.

"ಹೋಳಿಗೆ ಈ ಕಡೆ ಬರಲಿ ನೀಲಕಂಠಪ್ಪನವರೇ, ಎಲ್ಲ ನೀವೇ ಇಟ್ಕೊಂಡ್ರೆ ಹೇಗೆ?" ಎಂದು ರಾಜಗೋಪಾಲರು ಪಂಕ್ತಿಯ ಕೊನೆಯಿಂದ ನಕ್ಕರು. ಅವರು ಡಲ್ಲಾಸಿನ ಹತ್ತಿರದ ಅಲೆನ್‌ನಿಂದ ಈ ಪೂಜೆಗೆಂದೇ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು.

ತಟ್ಟೆಯನ್ನು ಮೇಜಿನ ಮೇಲಿಟ್ಟು ನೀಲಕಂಠಪ್ಪನವರು, "ಶ್ರೀಶೈಲ ಹೋದ" ಎಂದರು. ಎಲ್ಲಿಗೆ ಎಂದು ಯಾರೋ ಕೇಳಿದರು.

ಶ್ರೀಶೈಲನಿಗೆ ನಲವತ್ತನಾಲ್ಕು ವರ್ಷ. ಅಣ್ಣನಿಗೂ ಅವನಿಗೂ ಇಪ್ಪತ್ತೆರಡು ವರ್ಷದ ಅಂತರ. ಅವ್ವ ತೀರಿದಾಗ ಅವನಿಗೆ ಆರು ವರ್ಷ. ಅವನ ತಲೆಗೆ ಎಣ್ಣೆ ಹಚ್ಚಿ, ಶಾಲೆಗೆ ಬುತ್ತಿ ಕಟ್ಟಿದವಳು ಅತ್ತಿಗೆ ಮಲ್ಲವ್ವ. ಆಗ ನೀಲಕಂಠಪ್ಪನವರು ಹುಬ್ಬಳ್ಳಿಯ ಬಸ್ ಡಿಪೋದ ಟಯರ್ ಸೆಕ್ಷನ್ನಿನಲ್ಲಿದ್ದರು. ಹದಿನಾಲ್ಕು ವರ್ಷ ಬಸ್ಸಿನ ಟಯರು ಬಿಚ್ಚಿ, ಹಾಕಿ, ರಬ್ಬರು ಎಲ್ಲಿ ಸವೆದಿದೆ, ಏತಕ್ಕೆ ಸವೆದಿದೆ ಎಂಬುದನ್ನು ಕಣ್ಣುಮುಚ್ಚಿ ಅಂಗೈಯಿಂದ ಹೇಳುತ್ತಿದ್ದರು. ಆ ಅಂಗೈಯನ್ನೇ ನಂಬಿ ಹೂಸ್ಟನ್ನಿಗೆ ಬಂದರು, ಗ್ಯಾರೇಜು ಹಾಕಿದರು, ತಮ್ಮನನ್ನೂ ಕರೆಸಿಕೊಂಡರು.

ರೇಸಿನ ಹುಚ್ಚು ಮೊದಲು ಹಿಡಿದದ್ದು ತಮ್ಮನಿಗೆ. ಆಸ್ಟಿನ್ ದಾಟಿ ಡಲ್ಲಾಸಿನ ಕಡೆಗೆ ಹೋಗುವ ದಾರಿಯಲ್ಲಿ, ಹತ್ತಿಹೊಲಗಳ ನಡುವೆ, ಮೊಟ್ಟೆಯಾಕಾರದ ಒಂದು ಡಾಂಬರು ಟ್ರ್ಯಾಕು. ಸುತ್ತಳತೆ ಮೂರು ಫರ್ಲಾಂಗು. ಹತ್ತಾರು ಸಣ್ಣ ಕಾರುಗಳು ಇಪ್ಪತ್ತೈದು ಸುತ್ತು ಸುತ್ತಬೇಕು. ಮೊದಲ ಸಲ ನೋಡಿದಾಗ ನೀಲಕಂಠಪ್ಪನವರು, "ಇದೇನೋ, ಗಾಣದ ಎತ್ತು ತಿರುಗಿದಂಗ. ಹೊಂಟಲ್ಲೇ ಬಂದು ನಿಂದ್ರೂದಕ್ಕ ಇಷ್ಟ ಪೆಟ್ರೋಲ್ ಯಾಕ?" ಎಂದಿದ್ದರು. ಎರಡನೆಯ ಸಲ ಹೋದಾಗ ಮಾತಾಡಲಿಲ್ಲ. ಮೂರನೆಯ ಸಲ ಮಂಡಿಯೂರಿ ಕೂತು ತಮ್ಮನ ಕಾರಿನ ಟಯರಿನ ಮೇಲೆ ಅಂಗೈ ಆಡಿಸಿದರು. ಅಲ್ಲಿಗೆ ಹುಚ್ಚು ಅವರಿಗೆ ದಾಟಿತು.

ಆ ರೇಸಿನ ಕಟ್ಟಳೆ ಸರಳವಾದದ್ದು. ಕಾರು ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ಓಡಬೇಕು. ಒಳಗಿನ ಸೀಟು ಕಿತ್ತು, ಜೀವ ಉಳಿಯಲೆಂದು ಕಬ್ಬಿಣದ ಪಂಜರ ಕೂರಿಸಬಹುದು. ಇಂಜಿನ್ನು ಮುಟ್ಟಿದರೆ ಹೊರಗೆ. ಇಂಜಿನ್ನು ಮುಟ್ಟದೆ ವೇಗ ಎಲ್ಲಿಂದ ತರಬೇಕು? ಬೇರೆಯವರು ಕದ್ದು ಇಂಜಿನ್ನೇ ಬಿಚ್ಚುತ್ತಿದ್ದರು, ಸಿಕ್ಕಿಬೀಳುತ್ತಿದ್ದರು. ನೀಲಕಂಠಪ್ಪನವರು ಟಯರಿನಿಂದ ತಂದರು. ಮುಂದಿನ ಗಾಲಿಗಳು ಎಳೆಯುವ ಕಾರು ತಿರುವಿನಲ್ಲಿ ಮೂತಿ ತಿರುಗಿಸಲು ಒಲ್ಲೆನ್ನುತ್ತದೆ. ಚಾಲಕ ಆಕ್ಸಿಲರೇಟರಿನಿಂದ ಕಾಲೆತ್ತಬೇಕಾಗುತ್ತದೆ. ಕಾಲೆತ್ತಿದಷ್ಟು ಹೊತ್ತು ನಷ್ಟ. ಆದ್ದರಿಂದ ಹಿಂದಕ್ಕೆ ಹಳೆಯ, ಗಟ್ಟಿಯಾದ ಟಯರು ಹಾಕಿ, ಗಾಳಿ ಹೆಚ್ಚು ತುಂಬಿ, ಕಾರಿನ ಬೆನ್ನು ತುಸು ಜಾರುವಂತೆ ಮಾಡಿದರು. ಯಾವಾಗಲೂ ಎಡಕ್ಕೇ ತಿರುಗುವುದರಿಂದ ಭಾರವೆಲ್ಲ ಬೀಳುವುದು ಬಲಗಡೆಯ ಮುಂದಿನ ಗಾಲಿಯ ಮೇಲೆ. ಅದರ ತಲೆಯನ್ನು ಕಟ್ಟಳೆ ಒಪ್ಪುವಷ್ಟು ಒಳಕ್ಕೆ ವಾಲಿಸಿದರು, ತಿರುವಿನಲ್ಲಿ ರಬ್ಬರು ಪೂರ್ತಿ ನೆಲಕ್ಕೆ ಅಂಟಲೆಂದು. ಒಂದು ಸುತ್ತಿಗೆ ಇಪ್ಪತ್ತೊಂದು ಸೆಕೆಂಡು ತೆಗೆದುಕೊಳ್ಳುತ್ತಿದ್ದ ಕಾರು ಮೂರು ವರ್ಷದಲ್ಲಿ ಇಪ್ಪತ್ತಕ್ಕೆ ಬಂತು.

"ಅಣ್ಣಾ, ಒಂದ ಸೆಕೆಂಡಿಗೆ ಮೂರ ವರ್ಷ ಕೊಟ್ಟಿ. ಅಷ್ಟೊತ್ತಿಗೆ ಮಂದಿ ಮನಿ ಕಟ್ಟತಾರ" ಎಂದು ಶ್ರೀಶೈಲ ಚೇಷ್ಟೆ ಮಾಡುತ್ತಿದ್ದ.

"ಮನಿ ಯಾರ ಬೇಕಾದ್ರೂ ಕಟ್ಟತಾರಲೇ. ಸೆಕೆಂಡ್ ಕಡಿಮಿ ಮಾಡಿ ತೋರಿಸ್ಲಿ."

ಶ್ರೀಶೈಲನ ಹೆಂಡತಿ ಮಧುಶ್ರೀ ಮೈಸೂರಿನವಳು. ಕ್ಲಿಯರ್ ಲೇಕಿನಲ್ಲಿ, ಬಾಹ್ಯಾಕಾಶದ ಕೆಲಸ ಮಾಡುವ ಒಂದು ಕಂಪನಿಯಲ್ಲಿ, ಬೋಲ್ಟುಗಳನ್ನು ಪರೀಕ್ಷಿಸುವ ಇಂಜಿನಿಯರು. ರೇಸು ಅವಳಿಗೆ ಹಿಡಿಸಿರಲಿಲ್ಲ, ಆದರೆ ಬೇಡವೆಂದವಳೂ ಅಲ್ಲ. "ಅಣ್ಣ ತಮ್ಮ ಇಬ್ಬರೂ ಬಾಯಲ್ಲೇ ಬೋಲ್ಟ್ ಬಿಗೀತೀರ. ನಮ್ಮಲ್ಲಿ ಒಂದೊಂದಕ್ಕೂ ಒಬ್ಬರ ಸಹಿ ಇರತ್ತೆ" ಎಂದು ಒಮ್ಮೆ ಹೇಳಿದ್ದಳು. ಮರುದಿನವೇ ಶ್ರೀಶೈಲ ಕೆಂಪು ರಟ್ಟಿನ ಒಂದು ನೋಟ್‌ಬುಕ್ ತಂದ. ಯಾವ ಗಾಲಿ, ಎಷ್ಟು ಗಾಳಿ, ಯಾವಾಗ ಬಿಗಿದದ್ದು, ಬಿಗಿದವರ ಸಹಿ. ಕೈಯಿಂದ ಅಂದಾಜಿನಲ್ಲಿ ಬಿಗಿದದ್ದಕ್ಕೆ ಸಹಿಯಿಲ್ಲ. ಟಾರ್ಕ್ ಪಾನಾ ಟಕ್ಕೆಂದರೆ ಮಾತ್ರ. ಮೂರು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದು ಮನೆಯೂ ಖಾಲಿ ಇರಲಿಲ್ಲ.

ಈ ಸಲ ವರ್ಷದ ಕೊನೆಯ ರೇಸು. ಮುಂದಿದ್ದವನಿಗಿಂತ ಶ್ರೀಶೈಲ ಪ್ರತಿ ಸುತ್ತಿನಲ್ಲೂ ಎರಡು ಹತ್ತಾಂಶ ಸೆಕೆಂಡು ಹಿಂದೆ. ಗೆಲ್ಲಬೇಕೆಂದರೆ ಬಲ ಮುಂದಿನ ಗಾಲಿಯನ್ನು ಇನ್ನಷ್ಟು ದುಡಿಸಬೇಕು, ದುಡಿಸಿದರೆ ಕಾರ್ಖಾನೆಯ ಚಕ್ರ ಬಾಗುತ್ತದೆ. ಆ ಒಂದು ಮೂಲೆಗೆ ಗಟ್ಟಿ ಉಕ್ಕಿನ ಚಕ್ರ ಹಾಕಲು ಕಟ್ಟಳೆಯೇ ಒಪ್ಪುತ್ತಿತ್ತು. ನೀಲಕಂಠಪ್ಪನವರು ತರಿಸಿದರು. ಚಕ್ರ ಇದ್ದಿಲಿನಂತೆ ಕರ್ರಗಿತ್ತು. ಪೂಜೆಗೆ ಕರಿ ಗಾಲಿ ಬೇಡವೆಂದು ಗುರುವಾರ ತಾವೇ ಕೂತು ಅರಿಸಿನ ಬಣ್ಣ ಹೊಡೆದರು, ಹಿಂದೂ ಮುಂದೂ, ನಟ್ಟು ಕೂರುವ ಕುಳಿಗಳಿಗೂ. ಬಣ್ಣದ ಮೇಲೆ ಬಿಗಿದ ನಟ್ಟು ಮೊದಲ ಓಟದ ಬಿಸಿಗೆ ಸಡಿಲುತ್ತದೆ, ಇಳಿಸಿ ಇನ್ನೊಮ್ಮೆ ಬಿಗಿಯಬೇಕು. ಡಿಪೋದಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಅವರೇ ಕಲಿಸಿದ್ದರು.

ಪಂಚಾಂಗದ ಪ್ರಕಾರ ಆಯುಧಪೂಜೆಯ ದಿನವಾದ ಖಂಡೇನವಮಿ ಶುಕ್ರವಾರವೇ ಇತ್ತು. ಶುಕ್ರವಾರ ಯಾರಿಗೂ ರಜೆಯಿಲ್ಲ. ಅಲೆನ್‌ನಿಂದ ರಾಜಗೋಪಾಲರು, "ಶನಿವಾರ ಇಟ್ಕೊಳ್ಳಿ, ನಾವೂ ಬರ್ತೀವಿ. ಈ ದೇಶದಲ್ಲಿ ದೇವರಿಗೂ ವೀಕೆಂಡೇ ಅನುಕೂಲ" ಎಂದರು. ನೀಲಕಂಠಪ್ಪನವರು ನಕ್ಕು ಒಪ್ಪಿಕೊಂಡರು. ಶುಕ್ರವಾರ ಇಡೀ ದಿನ ಗ್ಯಾರೇಜಿನಲ್ಲಿ ಪಾನಾಗಳು ದುಡಿದವು. ಶನಿವಾರ ನಸುಕಿನಲ್ಲಿ ಅವುಗಳನ್ನು ತೊಳೆದು ಹಲಗೆಯ ಮೇಲೆ ಮಲಗಿಸಿದರು.

ಆಗ ನಡೆದ ಮಾತನ್ನು ಕೇಳಿದವರು ಮೂವರೇ. ರೇಸ್ ಕಾರಿಗೆ ಮೊದಲು ಪೂಜೆಯಾಗಿತ್ತು. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹಾಯಿಸಿ, ಟ್ರೇಲರಿಗೆ ಏರಿಸಿದ್ದರು. ಶ್ರೀಶೈಲ ಹೊರಟವನು ತಿರುಗಿ ಬಂದ.

"ಅಣ್ಣಾ, ಟಾರ್ಕ್ ಪಾನಾ ಒಂದ ಕೊಡು. ಗಾಲಿಗೆ ಹೊಸಾ ಬಣ್ಣ ಐತಿ. ಪ್ರ್ಯಾಕ್ಟೀಸ್ ಆದಮ್ಯಾಲೆ ಇನ್ನೊಮ್ಮೆ ಬಿಗೀಬೇಕಾಗ್ತೈತಿ."

"ಪೂಜಾಕ್ಕ ಇಟ್ಟದ್ದು ನಾಳಿತನಕ ಎತ್ತಂಗಿಲ್ಲ."

"ಖಂಡೇನವಮಿ ನಿನ್ನೇನ ಆತಲ್ಲಣ್ಣಾ. ರಾಜಗೋಪಾಲ ಅಂಕಲ್ ಸಂಬಂಧ ನೀನ ಇವತ್ತಿಗೆ ತಳ್ಳಿದಿ."

ತಮ್ಮ ಹೇಳಿದ್ದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ನೀಲಕಂಠಪ್ಪನವರಿಗೆ ಸಿಟ್ಟು ಬಂತು. "ನಾ ಯಾವತ್ತ ಇಡ್ತೀನೋ ಅವತ್ತ ಖಂಡೇನವಮಿ. ನನಗ ಶಾಸ್ತ್ರ ಹೇಳ್ಬ್ಯಾಡ."

ದೀಪಕ್ಕೆ ಬತ್ತಿ ಹಾಕುತ್ತಿದ್ದ ಮಲ್ಲವ್ವ ತಲೆಯೆತ್ತಿದಳು. "ಕೊಡ್ರೀ. ಶಿವಾ ಏನ ಪಾನಾ ಎಣಿಸ್ಕೋತ ಕುಂತಿರಂಗಿಲ್ಲ."

"ನೀ ಸುಮ್ನಿರು."

"ಅಣ್ಣಾ, ಕೊಡಪಾ" ಎಂದು ಶ್ರೀಶೈಲ ಎರಡನೆಯ ಸಲ ಕೇಳಿದ.

"ನಿನ್ನೆ ಬಿಗದಾಂವ ನಾನು. ನನ್ನ ಕೈಲೆ ಬಿಗದಿದ್ದು ಎಂದರ ಬಿಚ್ಚೇತೇನು? ಅಷ್ಟಕ್ಕೂ ಅಂಜಿಕಿ ಇದ್ರ ಅಲ್ಲೆ ಯಾರ ಹತ್ರರ ಇಸ್ಕೋ. ಹೊತ್ತಾತು, ನಡಿ."

ಶ್ರೀಶೈಲ ಹಲಗೆಯ ಕಡೆ ಒಮ್ಮೆ ನೋಡಿದ. ಕೈಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ. ಅಣ್ಣನ ಕಾಲು ಮುಟ್ಟಿ, ಅತ್ತಿಗೆಯ ಕಡೆ ತಿರುಗಿ, "ಬರ್ತೇನಿ ವೈನಿ. ನನ್ನ ಪಾಲಿನ ಹೋಳಿಗಿ ತಗದಿಡು, ಮಂದಿಗೆಲ್ಲಾ ಹಂಚಿಬಿಟ್ಟೀ ಮತ್ತ" ಎಂದು ಹೊರಟುಹೋದ. ಆ ಹೋಳಿಗೆ ನಾಲ್ಕು ದಿನ ಫ್ರಿಜ್ಜಿನಲ್ಲಿತ್ತು. ಐದನೆಯ ದಿನ ಮಲ್ಲವ್ವ ಅದನ್ನು ಹಿತ್ತಲಲ್ಲಿ ಅಗೆದು ಹೂತಳು.

ಶವ ಮನೆಗೆ ಬಂದದ್ದು ಮಂಗಳವಾರ. ಅದಕ್ಕೆ ಮೊದಲು ಶವಪರೀಕ್ಷೆಯ ಸರ್ಕಾರಿ ಕಚೇರಿಯಿಂದ ಒಂದು ಪ್ಲಾಸ್ಟಿಕ್ ಚೀಲ ಬಂತು. ಒಳಗೆ ಗಡಿಯಾರ, ಮದುವೆಯ ಉಂಗುರ, ಲಿಂಗವಿಡುವ ಬೆಳ್ಳಿಯ ಕರಡಿಗೆ. ರೇಸಿನ ಅಂಗಿಯ ಒಳಗೂ ಶ್ರೀಶೈಲ ಲಿಂಗ ಬಿಟ್ಟಿರಲಿಲ್ಲ. ಕರಡಿಗೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ, ಬಿಳಿ ಲೋಹದ ಡಬ್ಬಿ, ಒಳಗೆ ಕಪ್ಪು ಕಲ್ಲು ಎಂದು ಬರೆದಿತ್ತು. ನೀಲಕಂಠಪ್ಪನವರು ಆ ಚೀಟಿ ಕಿತ್ತರು, ಅಂಟು ಹೋಗಲಿಲ್ಲ. ಕುಳ್ಳಿರಿಸಿ ಸಮಾಧಿ ಮಾಡಲು ಸ್ಮಶಾನದವರು ಒಪ್ಪಲಿಲ್ಲ. ಮಲಗಿಸಿಯೇ ಮಣ್ಣು ಮಾಡಿದರು. ತಮ್ಮನ ಎಡ ಅಂಗೈ ಬಿಡಿಸಿ ಲಿಂಗವನ್ನು ಇಟ್ಟು ಬೆರಳು ಮಡಚುವಾಗ, ಉಗುರಿನ ಸಂದಿಯಲ್ಲಿ ಅರಿಸಿನ ಬಣ್ಣ ಇನ್ನೂ ಇರುವುದನ್ನು ನೀಲಕಂಠಪ್ಪನವರು ಕಂಡರು. ಚಕ್ರವನ್ನು ಜೋಡಿಸಿದಾಗ ಹತ್ತಿದ್ದು.

ಸ್ಮಶಾನದಿಂದ ಬರುವಾಗ ಕಾರು ನಡೆಸುತ್ತಿದ್ದವನು ಪ್ರಹ್ಲಾದ್. ಮಧುಶ್ರೀ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು.

"ಪ್ರ್ಯಾಕ್ಟೀಸ್ ಆದಮೇಲೆ ವೀಲ್ ಬಿಗೀಬೇಕು ಅಂತ ಅವರೇ ಹೇಳಿದ್ರು" ಎಂದು ಅವನು ನಿಧಾನವಾಗಿ ಹೇಳಿದ. "ಟಾರ್ಕ್ ರೆಂಚ್ ಎಲ್ಲಿ ಅಂದೆ. ಮರ್ತು ಬಂದೇನಿ ಅಂದ್ರು. ಅಕ್ಕಪಕ್ಕದವರನ್ನ ಕೇಳಿದ್ವಿ. ಒಬ್ಬನ ಹತ್ರ ಇರಲೇ ಇಲ್ಲ, ಇನ್ನೊಬ್ಬನದು ಕೆಟ್ಟಿತ್ತು. ಕೊನೆಗೆ ನನ್ನ ಕಾರಿನ ಡಿಕ್ಕೀಲಿದ್ದ ಚಿಕ್ಕ ಸ್ಪ್ಯಾನರಲ್ಲೇ ಬಿಗಿದ್ರು. ಕಾಲಲ್ಲಿ ತುಳಿದು ಬಿಗಿದ್ರು. ಅಷ್ಟರಲ್ಲಿ ಕರೆದುಬಿಟ್ರು."

"ಮರೆತು ಬಂದೆ ಅಂದ್ರಾ?" ಎಂದಳು ಮಧುಶ್ರೀ.

"ಹೂಂ. ವಯಸ್ಸಾಯ್ತು ಪ್ರಹ್ಲಾದಾ, ತಲಿ ನಿಂದ್ರಂಗಿಲ್ಲ ಅಂತ ನಕ್ಕರು."

ಹಿಂದಿನ ಸೀಟಿನಲ್ಲಿ ಮಲ್ಲವ್ವ ಗಂಡನ ಮುಖ ನೋಡಿದಳು. ನೀಲಕಂಠಪ್ಪನವರು ಬಾಯಿ ತೆರೆಯಲಿಲ್ಲ. ಸಾಯುವ ತುಸು ಮೊದಲು, ಅಣ್ಣನ ಕಿವಿಗೆ ಬೀಳದ ಜಾಗದಲ್ಲಿ, ತಮ್ಮ ಅಣ್ಣನ ಮಾನ ಕಾಯ್ದಿದ್ದ. ಆ ಕಾಯ್ದ ಮಾನದ ಹಿಂದೆ ಅಣ್ಣ ಈಗ ಅಡಗಿ ಕೂತಿದ್ದ.

ಅಂದಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಟ್ರ್ಯಾಕಿನವರ ವರದಿ ಬಂತು: ಚಾಲಕ ನಟ್ಟು ಸರಿಯಾಗಿ ಬಿಗಿದಿರಲಿಲ್ಲ. ನೋಡಲು ಬಂದವರು ಸೋಫಾದಲ್ಲಿ ಕೂತು, ಚಹಾ ಕುಡಿದು, ಅಷ್ಟು ಹುಷಾರಿನ ಮನುಷ್ಯ, ಒಂದು ಸ್ಪ್ಯಾನರ್ ಮರೆತನಲ್ಲ ಎಂದು ಲೊಚಗುಟ್ಟಿದರು. ಮಧುಶ್ರೀ ಅಳಲಿಲ್ಲ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂದಿತ್ತು. ಬಂದವರೆದುರಿಗೇ ಹೇಳುತ್ತಿದ್ದಳು: "ನನ್ನ ಹುಟ್ಟಿದ ದಿನ ಮರೆತಿದ್ರೆ ಪರವಾಗಿರಲಿಲ್ಲ. ಇದನ್ನ ಮರೆತ್ರು. ಮೂರು ವರ್ಷ ಬರೆದು ಬರೆದು ಸಹಿ ಹಾಕಿ, ಕೊನೇ ದಿನ ಖಾಲಿ ಬಿಟ್ಟು ಹೋದ್ರು."

ನೋಟ್‌ಬುಕ್ಕು ಅವಳಿಗೆ ಕಾರಿನ ಅವಶೇಷದಲ್ಲಿ ಸಿಕ್ಕಿತ್ತು. ಕೊನೆಯ ಪುಟದಲ್ಲಿ, ಬಲ ಮುಂದಿನ ಗಾಲಿ, ಪ್ರ್ಯಾಕ್ಟೀಸ್ ಆದ ಮೇಲೆ ಎಂಬ ಸಾಲು. ಅದರ ಮುಂದೆ ಏನೂ ಇಲ್ಲ.

ನೀಲಕಂಠಪ್ಪನವರು ಮಾತ್ರ ಆ ಖಾಲಿಯನ್ನು ಓದಬಲ್ಲವರಾಗಿದ್ದರು. ಕಾಲಿನಿಂದ ತುಳಿದು ಬಿಗಿದದ್ದಕ್ಕೆ ತಮ್ಮ ಸಹಿ ಹಾಕಲಿಲ್ಲ. ಮರೆತು ಬಿಟ್ಟದ್ದಲ್ಲ; ಸುಳ್ಳು ಬರೆಯಲಾರದೆ ಬಿಟ್ಟದ್ದು. ಅದನ್ನು ಒಂದು ಮಾತಿನಲ್ಲಿ ಆ ಹುಡುಗಿಗೆ ಹೇಳಿದ್ದರೆ ಅವಳ ಸಿಟ್ಟು ಗಂಡನನ್ನು ಬಿಟ್ಟು ಇಳಿಯುತ್ತಿತ್ತು. ಎಲ್ಲಿಗೆ ಇಳಿಯುತ್ತಿತ್ತೆಂಬುದೂ ಅವರಿಗೆ ಗೊತ್ತಿತ್ತು.

"ಹೇಳ್ರಿ" ಎಂದು ಮಲ್ಲವ್ವ ಆರನೆಯ ದಿನ ಹೇಳಿದಳು. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಹೇಳಿದ್ರ ಅಂವ ಬರ್ತಾನೇನು?"

"ಅಂವ ಬರಂಗಿಲ್ಲ. ಅಂವನ ಹೆಸರು ಬರ್ತೈತಿ."

"ಮಂದಿ ಏನಂದಾರು?"

"ಮಂದಿ ಈಗ ಅನ್ನಾಕತ್ತಾರಲ್ಲ, ಅಂವಗ. ಸತ್ತಾಂವ ಬೈಸ್ಕೋಬೇಕು, ನೀವು ಪೂಜಾ ಮಾಡ್ಕೋತ ಕುಂದರ್ಬೇಕು. ಚಂದ ಐತ್ರಿ ನಿಮ್ಮ ಭಕ್ತಿ."

ನೀಲಕಂಠಪ್ಪನವರು ಎದ್ದು ಹೋದರು. ಪೂಜೆಯೂ ಅವರಿಗೆ ಆಗುತ್ತಿರಲಿಲ್ಲ. ಐವತ್ತು ವರ್ಷ ತಪ್ಪದೆ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತವರು. ಈಗ ಲಿಂಗ ಅಂಗೈಗೆ ಬಂದ ಕೂಡಲೇ ಕಣ್ಣು ಕೈಯ ಮೇಲೆ ನಿಲ್ಲುತ್ತಿತ್ತು. ನನ್ನ ಕೈಲೆ ಬಿಗದಿದ್ದು ಎಂದರ ಬಿಚ್ಚೇತೇನು. ಪಾನಾ ಎತ್ತಬೇಡವೆಂದು ಶಿವನು ಹೇಳಿದ್ದನೇ? ರಾಜಗೋಪಾಲರ ಅನುಕೂಲಕ್ಕೆ ತಿಥಿಯನ್ನೇ ಒಂದು ದಿನ ಸರಿಸುವಾಗ ಶಾಸ್ತ್ರ ಅಡ್ಡ ಬರಲಿಲ್ಲ. ತಮ್ಮ ಕೈಚಾಚಿದಾಗ ಬಂತು. ಬಂದ ಅತಿಥಿಗಳ ಮುಂದೆ ಹಲಗೆ ತುಂಬಿರಬೇಕು, ನಡುವೆ ಉದ್ದನೆಯ ಪಾನಾ ಕಾಣಬೇಕು, ನೀಲಕಂಠಪ್ಪನವರ ಮನೆಯ ಪೂಜೆ ಎಂದು ನಾಲ್ಕು ಜನ ಹೇಳಬೇಕು. ಅಗೆಯುತ್ತ ಹೋದರೆ ತಳದಲ್ಲಿ ಸಿಗುವುದು ಇಷ್ಟೇ. ಇದಕ್ಕೆ ಭಕ್ತಿ ಎಂದು ಹೆಸರಿಟ್ಟಿದ್ದರು.

ಹಲಗೆಯನ್ನು ಅವರು ಇನ್ನೂ ತೆಗೆದಿರಲಿಲ್ಲ. ಚೆಂಡುಹೂವು ಒಣಗಿ ಪಾನಾಗಳ ಮೇಲೆ ಉದುರಿತ್ತು. ಗಿರಾಕಿಗಳು ಬಂದರೆ ಗ್ಯಾರೇಜು ಮುಚ್ಚಿದೆ ಎಂದು ಹೇಳಿ ಕಳಿಸುತ್ತಿದ್ದರು.

ಹನ್ನೊಂದನೆಯ ದಿನದ ಕಾರ್ಯ ಕ್ಲಿಯರ್ ಲೇಕಿನ ಶ್ರೀಶೈಲನ ಮನೆಯಲ್ಲಿ ನಡೆಯಿತು. ನಲವತ್ತು ಜನ ಸೇರಿದ್ದರು. ರಾಜಗೋಪಾಲರು ಮತ್ತೆ ಅಲೆನ್‌ನಿಂದ ಬಂದಿದ್ದರು. ಗಣಾರಾಧನೆ ಮುಗಿದು ಊಟವಾಯಿತು. ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಮಧುಶ್ರೀ ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದಳು. ರೇಸಿನ ಕೈಗವಸು, ಗೆದ್ದ ಎರಡು ಕಪ್ಪು, ಮೇಲುಗಡೆ ಕೆಂಪು ನೋಟ್‌ಬುಕ್ಕು.

"ಪ್ರಹ್ಲಾದ್, ಕಪ್ ಬೇಕಾದ್ರೆ ನೀವು ತಗೊಳ್ಳಿ. ಉಳಿದದ್ದು ನಾಳೆ ಕಸದವರು ಬಂದಾಗ ಹಾಕಿಬಿಡ್ತೀನಿ. ಈ ಪುಸ್ತಕ ನನಗೆ ನೋಡಕ್ಕಾಗಲ್ಲ."

"ಹಾಗನ್ನಬಾರದಮ್ಮ" ಎಂದರು ರಾಜಗೋಪಾಲರು. "ಪಾಪ, ಅವನಾದರೂ ಏನು ಮಾಡ್ತಾನೆ. ಆಯಸ್ಸು ಮುಗಿದಾಗ ನೆನಪೂ ಕೈಕೊಡತ್ತೆ. ಮರೆವು ಅನ್ನೋದು ಒಂದು ನೆಪ ಅಷ್ಟೆ."

"ನೆಪ ಅಲ್ಲ ಅಂಕಲ್. ಬೇಜವಾಬ್ದಾರಿ. ಸತ್ತವರು ಅಂತ ನಾನ್ಯಾಕೆ ಸುಳ್ಳು ಹೇಳಲಿ?"

ಬೇಜವಾಬ್ದಾರಿ ಎಂಬ ಮಾತು ಶ್ರೀಶೈಲನ ಫೋಟೋದ ಮುಂದೆ, ಅವನ ಮನೆಯಲ್ಲಿ, ಅವನ ಹೆಂಡತಿಯ ಬಾಯಿಂದ ಬಂತು. ಯಾರೂ ಅಲ್ಲವೆನ್ನಲಿಲ್ಲ. ಮಲ್ಲವ್ವ ಸೆರಗನ್ನು ಬಿಗಿದುಕೊಂಡು ಎದ್ದು ನಿಲ್ಲತೊಡಗಿದಳು. ಅವಳು ನಿಲ್ಲುವುದಕ್ಕೆ ಮೊದಲು ನೀಲಕಂಠಪ್ಪನವರು ಎದ್ದರು. ಹೊರಗೆ ಹೋದರು. ಸಿಟ್ಟಿನಿಂದ ಹೊರಟರೆಂದು ಜನ ತಿಳಿದರು. ಎರಡು ನಿಮಿಷದಲ್ಲಿ ತಿರುಗಿ ಬಂದಾಗ ಅವರ ಕೈಯಲ್ಲಿ ಉದ್ದನೆಯ ಪಾನಾ ಇತ್ತು. ಬೆಳಿಗ್ಗೆ ಸ್ಟಾಫರ್ಡಿನಿಂದ ಹೊರಡುವಾಗ ಹಲಗೆಯಿಂದ ಎತ್ತಿ ಕಾರಿನಲ್ಲಿಟ್ಟಿದ್ದರು. ಏತಕ್ಕೆ ಇಟ್ಟೆನೆಂದು ಆಗ ಅವರಿಗೇ ನಿಶ್ಚಯವಿರಲಿಲ್ಲ.

ಪಾನಾವನ್ನು ಮಧುಶ್ರೀಯ ಮುಂದಿನ ಮೇಜಿನ ಮೇಲಿಟ್ಟರು. ವಿಭೂತಿ, ಕುಂಕುಮ ಹಾಗೇ ಇದ್ದವು.

"ಅಂವ ಮರತಿರಲಿಲ್ಲವ್ವಾ" ಎಂದರು. "ಕೇಳಿದ್ದ. ಹೊಸಾ ಬಣ್ಣ ಐತಿ, ಇನ್ನೊಮ್ಮೆ ಬಿಗೀಬೇಕು, ಕೊಡಣ್ಣಾ ಅಂದ. ಎರಡ ಸಲ ಕೇಳಿದ. ಪೂಜಾಕ್ಕ ಇಟ್ಟೇನಿ, ಎತ್ತಂಗಿಲ್ಲ ಅಂದೆ. ಬಣ್ಣ ಹಚ್ಚಿದಾಂವನೂ ನಾನ. ನಿಮ್ಮಕ್ಕ ಅಲ್ಲೇ ಇದ್ಲು, ಕೇಳು."

"ಆದರೆ ಖಂಡೇನವಮಿ ಶುಕ್ರವಾರವೇ..." ಎಂದು ರಾಜಗೋಪಾಲರು ಶುರುಮಾಡಿ, ಯಾರ ಅನುಕೂಲಕ್ಕೆ ಶನಿವಾರವಾಯಿತೆಂಬುದು ನೆನಪಾಗಿ, ಮಾತನ್ನು ಅಲ್ಲಿಗೇ ನುಂಗಿಕೊಂಡರು.

ಮಧುಶ್ರೀ ಪಾನಾವನ್ನು ಮುಟ್ಟಲಿಲ್ಲ. "ಹಾಗಾದ್ರೆ ಪ್ರಹ್ಲಾದ್ ಹತ್ರ ಮರೆತೆ ಅಂದಿದ್ದು?"

"ನನ್ನ ಸಂಬಂಧ ಅಂದಾನ."

"ಈ ಖಾಲಿ?"

"ಕಾಲಿಲೆ ತುಳದು ಬಿಗದಿದ್ದಕ್ಕ ಅಂವ ಸಹಿ ಮಾಡೂದಿಲ್ಲಲ್ಲವ್ವಾ. ನೀ ಕಲಿಸಿದ್ದಿ."

ಅವಳ ಮುಖ ಆಗ ಒಡೆಯಿತು. ಆದರೆ ದನಿ ಏರಲಿಲ್ಲ. "ಇಷ್ಟು ದಿನ ನಾನು ಅವರನ್ನ ಬೈದೆ ಭಾವ. ಸ್ನಾನ ಮಾಡ್ತಾ ಬೈದೆ. ಕಾರಲ್ಲಿ ಒಬ್ಬಳೇ ಕೂತು ಬೈದೆ. ಬಂದವರೆದುರಿಗೆಲ್ಲ ಬೈದೆ. ನೀವು ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ."

"ಕೇಳಿಸ್ಕೊಂಡು ಸುಮ್ಮನಿದ್ರಿ."

"ಇದ್ದೆ."

ಅವಳು ಪೆಟ್ಟಿಗೆಯಿಂದ ನೋಟ್‌ಬುಕ್ಕು ತೆಗೆದಳು. ಕೊನೆಯ ಪುಟ ಬಿಡಿಸಿ ಅವರ ಮುಂದಿಟ್ಟಳು. ಪ್ರಹ್ಲಾದನ ಜೇಬಿನಿಂದ ಪೆನ್ನು ಕಿತ್ತುಕೊಂಡು ಪುಟದ ಮೇಲಿಟ್ಟಳು.

"ಸಹಿ ಹಾಕಿ."

"ಏನಂತ ಹಾಕ್ಲಿ? ನಾ ಬಿಗಿಲಿಲ್ಲಲ್ಲ."

"ನಮ್ಮಲ್ಲಿ ಮಾಡಿದ ಕೆಲಸಕ್ಕೆ ಮಾತ್ರ ಅಲ್ಲ, ಮಾಡದೆ ಬಿಟ್ಟಿದ್ದಕ್ಕೂ ಸಹಿ ಇರತ್ತೆ. ಯಾರು ಬಿಟ್ರು ಅಂತ ಗೊತ್ತಾಗಬೇಕಲ್ಲ. ಬಿಗಿಯಲಿಲ್ಲ, ಪಾನಾ ಕೊಡಲಿಲ್ಲ ಅಂತ ಬರೀರಿ. ಕೆಳಗೆ ಸಹಿ ಹಾಕಿ. ಕನ್ನಡದಲ್ಲೇ ಹಾಕಿ, ಅವರು ಕನ್ನಡದಲ್ಲೇ ಹಾಕ್ತಿದ್ರು."

ನೀಲಕಂಠಪ್ಪನವರು ಬರೆದರು. ಅಕ್ಷರ ಆ ಖಾಲಿ ಮನೆಯ ಗೆರೆ ದಾಟಿತು. ನಲವತ್ತು ಜನರ ಮುಂದೆ, ಡಿಪೋದ ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದಂತೆ, ಪೂರ್ತಿ ಹೆಸರಿನ ಸಹಿ.

ಮಧುಶ್ರೀ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಆಮೇಲೆ, "ಆ ಪಾನಾ ತಗೊಂಡು ಹೋಗಿ. ಅಕ್ಕ ಯಾವಾಗ ಬೇಕಾದ್ರೂ ಬರಲಿ. ನೀವು ಬರೋದು ಬೇಡ ಭಾವ" ಎಂದಳು. ಭಾವ ಎಂಬುದನ್ನು ಮಾತ್ರ ಬಿಟ್ಟಿರಲಿಲ್ಲ.

ಸ್ಟಾಫರ್ಡಿನಲ್ಲಿ ಮನೆ ಬಂದಾಗ ಮಲ್ಲವ್ವ ಇಳಿದು, ಗಂಡನ ಕಡೆಯ ಬಾಗಿಲು ತೆರೆದು, ಪಾನಾವನ್ನು ತಾನೇ ಎತ್ತಿಕೊಂಡಳು. "ತೊಳದಿಡ್ತೀನಿ" ಎಂದಳು. ಹಿತವಾದ ಮಾತು ಅಷ್ಟೇ. ಅದಕ್ಕೂ ತಾವು ಅರ್ಹರಲ್ಲವೆಂದು ನೀಲಕಂಠಪ್ಪನವರಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವರು ಸ್ನಾನ ಮಾಡಿ, ಹನ್ನೆರಡು ದಿನಗಳ ಮೇಲೆ ಮೊದಲ ಸಲ ಪೂರ್ತಿಯಾಗಿ ಪೂಜೆಗೆ ಕೂತರು. ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಅಂಗೈ ಅದೇ. ಅದನ್ನು ಬದಲಿಸಿಕೊಡೆಂದು ಯಾರನ್ನು ಕೇಳುವುದು? ಕಲಿತ ಮಂತ್ರಗಳು ಬಾಯಿಗೆ ಬರಲಿಲ್ಲ. ಬಂದದ್ದು ಮನೆಯ ಮಾತು.

ಶಿವನೇ, ನಿನ್ನ ಹೆಸರು ಹೇಳಿ ನಾನು ನನ್ನ ಹಟ ಸಾಧಿಸಿದೆ. ಅದರ ಫಲ ನನಗೆ ಕೊಡು, ಕಡಿಮೆ ಮಾಡಬೇಡ, ನಾನು ಕೇಳುವುದಿಲ್ಲ. ನನ್ನ ತಮ್ಮ ನಿನ್ನನ್ನು ಎದೆಯ ಮೇಲೆ ಕಟ್ಟಿಕೊಂಡೇ ಆ ಗೋಡೆಗೆ ಹೋದ. ಅವನು ಮರೆಯಲಿಲ್ಲ, ಸುಳ್ಳು ಬರೆಯಲಿಲ್ಲ, ಅಣ್ಣನನ್ನು ಬಿಟ್ಟುಕೊಡಲಿಲ್ಲ. ಮುರಿದ ಅವನ ಕತ್ತಿನ ನೋವು ತೆಗೆ. ಸುತ್ತಿ ಸುತ್ತಿ ದಣಿದಿದ್ದಾನೆ, ಇನ್ನು ಅವನನ್ನು ಸುತ್ತಿಸಬೇಡ. ನಿನ್ನಲ್ಲಿ ಇಟ್ಟುಕೊ, ನೆರಳಿನಲ್ಲಿ ಇಟ್ಟುಕೊ. ಆ ನನ್ನ ಕೂಸಿಗೆ ಶಾಂತಿ ಕೊಡು, ತಂದೆ.